ಪಟಾಲಮ್ಮ ಹೋದದ್ದು

ತಾಯಿ ಪಟಾಲಮ್ಮನ ಗಡ್ಡ ತೆಗೆಸಿಕೊಂಡು ಬರುವ ಕೆಲಸ ತನ್ನ ಪಾಲಿಗೆ ಬಂದದ್ದು ತಾನು ಬಿ.ಎ. ಫೇಲಾದವನಾದ್ದರಿಂದಲೇ ಎಂಬುದರಲ್ಲಿ ನರಸಿಂಹಯ್ಯನಿಗೆ ಅನುಮಾನವಿರಲಿಲ್ಲ. ಪಾಸಾಗಿದ್ದರೆ ಅವನು ಎಲ್ಲೋ ದೂರದ ತಾಲ್ಲೂಕಿನಲ್ಲಿ ಅಮಲ್ದಾರನಾಗಿರುತ್ತಿದ್ದ. ಓದಲೇ ಹೋಗದಿದ್ದರೆ ಅಣ್ಣ ಚಿಕ್ಕಬೈರಪ್ಪನ ಹಾಗೆ ಈ ಹೊತ್ತಿನಲ್ಲಿ ಅಟ್ಟೂರಿನ ಮನೆಯ ಮುಂದೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತ ಕೂತಿರುತ್ತಿದ್ದ. ಎರಡೂ ಆಗದೆ ಹೆಸರಘಟ್ಟದ ಸರ್ಕಾರಿ ಕೋಳಿ ಫಾರಮ್ಮಿನಲ್ಲಿ ಗುಮಾಸ್ತನಾದ್ದರಿಂದ ಪೇಟೆ, ಷರಟು ಮತ್ತು ನಾಚಿಕೆ ಬೆರೆತ ಯಾವ ಕೆಲಸವಿದ್ದರೂ ಮನೆಯವರು ಅದನ್ನು ಅವನ ಮುಂದೆ ತಂದಿಡುತ್ತಿದ್ದರು. ಈ ಸಲ ಅತ್ತಿಗೆ ಕೃಷ್ಣಮ್ಮ ತಂದಿಟ್ಟದ್ದು ಅವ್ವನ ಮುಖವನ್ನು. ಮಧ್ಯಾಹ್ನದ ರೈಲಿಗೆ ದೊಡ್ಡಬಳ್ಳಾಪುರದ ಕಡೆಯವರು ಅಣ್ಣನ ಮಗಳು ಗೋಪಾಲಮ್ಮನನ್ನು ನೋಡಲು ಬರುವವರಿದ್ದರು. ಬಂದವರು ಮೊದಲು ನೋಡುವುದು ಜಗಲಿಯ ಮೇಲೆ ಕೂತ ಪಟಾಲಮ್ಮನನ್ನು. ಅವಳ ಗಲ್ಲದ ಮೇಲೆ, ತುಟಿಯ ಮೇಲೆ, ಜೋಳದ ತೆನೆಯ ತುದಿಯಲ್ಲಿರುವಂಥ ಬಿಳಿಯ ಕೂದಲು. "ಅಜ್ಜೀಗೆ ಇರೋದು ಮೊಮ್ಮಗ್ಳಿಗೆ ಬರಲ್ವಾ ಅಂತ ಅವ್ರು ಕೇಳಿದ್ರೆ ನಾನೇನ್ ಹೇಳ್ಲಿ ನರಸಿಂಹಪ್ಪ? ನೀನು ಓದಿದೋನು, ನೀನೇ ಹೇಳು" ಎಂದಳು ಅತ್ತಿಗೆ. ಊರಿನ ಕ್ಷೌರದವನು ಹೆಂಗಸಿನ ಮುಖಕ್ಕೆ ಕತ್ತಿ ಇಡುವುದಿಲ್ಲ ಎಂದು ಮೊದಲೇ ಕೈ ಮುಗಿದಿದ್ದ. "ಎಲಹಂಕಕ್ಕೆ ಕರ್ಕೊಂಡೋಗು. ಹಂಗೇ ಹೋಟ್ಲಲ್ಲಿ ಏನಾದ್ರೂ ಕೊಡ್ಸು, ಕೆರೆ ಏರಿ ಮ್ಯಾಲೆ ಗಾಳಿಗೆ ಕೂರ್ಸು, ಪಾಪ ಎಲ್ಲೂ ಹೋದೋರಲ್ಲ. ದೀಪ ಹಚ್ಚೋ ಹೊತ್ಗೆ ಬಂದ್ರೆ ಸಾಕು." ಹೆಣ್ಣು ನೋಡುವ ಶಾಸ್ತ್ರ ಮುಗಿದು ಬಂದವರು ಹೊರಡುವುದೂ ದೀಪ ಹಚ್ಚುವ ಹೊತ್ತಿಗೇ ಎಂಬುದು ಅವನಿಗೆ ಬಚ್ಚಲಲ್ಲಿ ತನ್ನ ಗಡ್ಡ ತಾನು ಕೆರೆದುಕೊಳ್ಳುತ್ತಿರುವಾಗ ತಿಳಿಯಿತು. ಹಾಗಾದರೆ ಗಡ್ಡ ತೆಗೆದರೂ ಅವ್ವ ಬೇಡ. ಅಣ್ಣನಿಗೆ ಇದು ಗೊತ್ತೇ ಎಂದು ಕೇಳಲು ಅಂಗಳಕ್ಕೆ ಬಂದ. ಅಣ್ಣ ಎತ್ತಿನ ಕೊಂಬಿನಿಂದ ಕಣ್ಣೆತ್ತದೆ, "ಹುಷಾರಾಗಿ ಕರ್ಕೊಂಡೋಗಪ್ಪ" ಎಂದ. ಗೊತ್ತಿತ್ತು.

ಪಟಾಲಮ್ಮ ಆಗಲೇ ಕೆಂಪಂಚಿನ ಸೀರೆ ಉಟ್ಟು ದ್ರಾಕ್ಷಿ ಬುಟ್ಟಿಗಳ ಗಾಡಿಯಲ್ಲಿ ಹತ್ತಿ ಕೂತಿದ್ದಳು. ಎಲ್ಲಿಗೆ ಎಂದು ಯಾರೂ ಅವಳಿಗೆ ಸರಿಯಾಗಿ ಹೇಳಿರಲಿಲ್ಲ. ಅವನು ಹೇಳಿದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಗಂಡಸ್ರು ಓಗೋ ತಾವಾ? ಅಲ್ಲಿ ತಿರುಗೋ ಕುರ್ಚಿ ಐತಂತೆ, ನಿಮ್ಮಪ್ಪ ಏಳ್ತಿದ್ರು. ಕೂರ್ಸ್ತಾರೇನ್ಲಾ ನನ್ನ?" ಕೂರಿಸುತ್ತಾರೆ ಎಂದ. ಅವಳು ಬುಟ್ಟಿಯಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡು ಹುಳಿಗೆ ಒಂದು ಕಣ್ಣು ಮುಚ್ಚಿದಳು. ಅವಳ ಸಂತೋಷ ಅವನಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಅಪ್ಪ ಬದುಕಿದ್ದಷ್ಟು ಕಾಲ ಅವ್ವ ಹಿತ್ತಲಲ್ಲಿ ಕೂತು, ಮುಳ್ಳು ಕೀಳುವ ಚಿಮಟದಿಂದ ಆ ಕೂದಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕನ್ನಡಿಯ ಚೂರು ಹಿಡಿದು ನಿಲ್ಲುವುದು ನರಸಿಂಹಯ್ಯನ ಪಾಲಿನ ಕೆಲಸ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡರೂ ಮುಖ ಅಲುಗುತ್ತಿರಲಿಲ್ಲ, ಅಲುಗುತ್ತಿದ್ದುದು ಕನ್ನಡಿ. "ನೆಟ್ಟಗೆ ಇಡಿ, ನೋಯೋದು ನಂಗೆ, ನಡುಗೋದು ನೀನು" ಎನ್ನುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಆ ಚಿಮಟವನ್ನು ಬಾವಿಗೆ ಎಸೆದವಳು ಮತ್ತೆ ಕನ್ನಡಿ ಕೇಳಲಿಲ್ಲ. ಗಾಡಿ ಎಲಹಂಕದ ಪೇಟೆ ಬೀದಿಗೆ ತಿರುಗುವಾಗ ಎದುರಿಗೆ ಏರ್‌ಫೋರ್ಸಿನ ಹುಡುಗರು ಸೈಕಲ್ಲಿನಲ್ಲಿ ಬರುತ್ತಿದ್ದರು. ನರಸಿಂಹಯ್ಯ ತನಗೆ ತಿಳಿಯದಂತೆಯೇ ಬುಟ್ಟಿಗಳ ಆಚೆಗೆ ಸರಿದು, ಈ ಮುದುಕಿಗೂ ತನಗೂ ನಡುವೆ ಒಂದಷ್ಟು ದ್ರಾಕ್ಷಿ ಇರುವಂತೆ ಕೂತ.

ವೆಂಕಟಸ್ವಾಮಿಯ ಸಲೂನಿನಲ್ಲಿ ಎದುರುಬದುರು ಗೋಡೆಗೆ ದೊಡ್ಡ ಕನ್ನಡಿಗಳು, ಎರಡು ತಿರುಗುವ ಕುರ್ಚಿಗಳು, ಬೆಂಚಿನ ಮೇಲೆ ಪೇಪರು ಓದುವ ಒಬ್ಬ ರಿಟೈರಾದ ಮೇಷ್ಟರು, ಪಕ್ಕದಲ್ಲಿ ಒಬ್ಬ ದ್ರಾಕ್ಷಿ ದಲ್ಲಾಳಿ. ಇವರಿಬ್ಬರು ಒಳಗೆ ಕಾಲಿಟ್ಟೊಡನೆ ಎಲ್ಲರ ತಲೆಯೂ ಇತ್ತ ತಿರುಗಿತು. "ಬನ್ನಿ ಸಾರ್, ಕಟಿಂಗಾ, ಶೇವಿಂಗಾ?" ಎಂದ ವೆಂಕಟಸ್ವಾಮಿ. ನರಸಿಂಹಯ್ಯ ದಾರಿಯುದ್ದಕ್ಕೂ ಒಂದು ವಾಕ್ಯ ಸಿದ್ಧಪಡಿಸಿಕೊಂಡು ಬಂದಿದ್ದ; ಅದರಲ್ಲಿ ವಯಸ್ಸು, ವೈದ್ಯರ ಸಲಹೆ, ಚರ್ಮ ಮುಂತಾದ ಗೌರವಸ್ಥ ಪದಗಳಿದ್ದವು. ಬಾಯಿಂದ ಬಂದದ್ದು "ಶೇವಿಂಗು" ಎಂಬುದೊಂದೇ. ವೆಂಕಟಸ್ವಾಮಿ ಅವನ ಭುಜ ಹಿಡಿದು ಕೂರಿಸಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಯೇಬಿಟ್ಟ. ನನಗಲ್ಲ ಎನ್ನಬೇಕಿತ್ತು. ಹಾಗೆಂದರೆ ಮತ್ತೆ ಯಾರಿಗೆ ಎಂಬ ಪ್ರಶ್ನೆ ಬರುತ್ತಿತ್ತು. ಬೆಳಿಗ್ಗೆಯಷ್ಟೇ ನುಣ್ಣಗೆ ಕೆರೆದುಕೊಂಡಿದ್ದ ಗಲ್ಲದ ಮೇಲೆ ಸೋಪಿನ ನೊರೆ ಏರಿತು. ವೆಂಕಟಸ್ವಾಮಿ ಕತ್ತಿ ಇಟ್ಟು ಒಂದು ಗೆರೆ ಎಳೆದು, ಕತ್ತಿಯನ್ನು ನೋಡಿ, ಅವನ ಮುಖವನ್ನು ನೋಡಿ, ಮುಂದುವರಿಸಿದ. ಇಲ್ಲದ ಗಡ್ಡವನ್ನು ಬೋಳಿಸುವವನೂ ಬೋಳಿಸಿಕೊಳ್ಳುವವನೂ ಒಬ್ಬರನ್ನೊಬ್ಬರು ನೋಡದಂತೆ ಎಚ್ಚರ ವಹಿಸಿದರು. ಕನ್ನಡಿಯಲ್ಲಿ ಅವ್ವ ಬೆಂಚಿನ ತುದಿಯಲ್ಲಿ ಕೂತು, ಕುರ್ಚಿ ಹೇಗೆ ತಿರುಗುತ್ತದೆಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಆ ಕನ್ನಡಿಯೊಳಗಿನ ಕನ್ನಡಿಯಲ್ಲಿ ಇನ್ನೊಬ್ಬ ಅವ್ವ, ಅದರಾಚೆ ಮತ್ತೊಬ್ಬಳು, ಸಾಲಾಗಿ ದೂರದವರೆಗೆ ಗಡ್ಡದ ಅವ್ವಂದಿರು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಬಟ್ಟೆ ಬಿಚ್ಚಿ ಅವನು ಎದ್ದದ್ದೇ ತಡ, ಪಟಾಲಮ್ಮ ಬಂದು ಆ ಬೆಚ್ಚನೆಯ ಕುರ್ಚಿಯಲ್ಲಿ ಕೂತು ಕೈಗಳನ್ನು ಎರಡೂ ಕಡೆ ಇಟ್ಟುಕೊಂಡಳು. "ಈಗ ನಂಗೆ."

"ಅಜ್ಜೀ, ಇದು ಗಂಡಸ್ರು ಶೇವಿಂಗ್ ಮಾಡಿಸ್ಕೊಳ್ಳೋ ಜಾಗ" ಎಂದ ವೆಂಕಟಸ್ವಾಮಿ.

"ನಂಗೂ ಗಡ್ಡ ಐತಲ್ಲಪ್ಪ" ಎಂದಳು ಪಟಾಲಮ್ಮ.

ಮೇಷ್ಟರು ಪೇಪರು ಮಡಿಸಿ, ಹೊರಗಿನ ಬೋರ್ಡಿನಲ್ಲಿ ಗಂಡಸರಿಗೆ ಮಾತ್ರ ಎಂದು ಬರೆದಿಲ್ಲವಾದ್ದರಿಂದ ನಿರಾಕರಿಸುವ ಹಕ್ಕು ಅಂಗಡಿಯವನಿಗಿಲ್ಲ ಎಂದರು. "ಎಮ್ಮೆಗೆ ಇಲ್ಲ ಅಂತಾನೂ ಬರ್ದಿಲ್ಲ ಸ್ವಾಮಿ, ನಾಳೆ ಎಮ್ಮೆ ಹೊಡ್ಕೊಂಬಂದ್ರೆ?" ಎಂದ ದಲ್ಲಾಳಿ. ಗಡ್ಡ ತೆಗೆಯುವುದು ಗಂಡಸಿನ ಕೆಲಸವೋ ಗಡ್ಡದ ಕೆಲಸವೋ ಎಂದು ಇಬ್ಬರೂ ವಾದಕ್ಕೆ ಕೂತರು. ವೆಂಕಟಸ್ವಾಮಿ ಕತ್ತಿ ಹಿಡಿದುಕೊಂಡು ಅವರಿಂದ ಇವರಿಗೆ, ಇವರಿಂದ ಅವರಿಗೆ ತಿರುಗುತ್ತ ನಿಂತಿದ್ದ. ಕೊನೆಗೆ, "ಇವರ ಕಡೆಯೋರು ಯಾರಾದ್ರೂ ಹೂಂ ಅಂದ್ರೆ ಮಾಡ್ತೀನಿ. ನಾಳೆ ಮಕ್ಕಳು ಬಂದು ಗಲಾಟೆ ಮಾಡಿದ್ರೆ ಯಾರ್ ನೋಡೋರು?" ಎಂದು ನರಸಿಂಹಯ್ಯನ ಕಡೆ ತಿರುಗಿದ. "ಸಾರ್, ನಿಮ್ ಜೊತೆ ತಾನೆ ಬಂದಿದ್ದು? ಇವರು ನಿಮಗೇನಾಗ್ಬೇಕು?"

ಎಲ್ಲರೂ ಅವನನ್ನು ನೋಡಿದರು. ಎರಡೆರಡು ಸಲ ಬೋಳಿಸಿದ ಮುಖ ಉರಿಯುತ್ತಿತ್ತು. ಅಂಥ ಮುಖದಿಂದ ಏನನ್ನೂ ಮುಚ್ಚಿಡಲಾಗದು ಅನ್ನಿಸಿತು; ಅದಕ್ಕೇ ಇರಬೇಕು, ಬಾಯಿ ತಾನಾಗಿಯೇ ಮುಚ್ಚಿಡುವ ಮಾತನ್ನು ಆಡಿತು. "ಊರಿನವರು" ಎಂದ.

ಕನ್ನಡಿಯಲ್ಲಿ ಅವ್ವನ ಕಣ್ಣು ಅವನ ಕಣ್ಣನ್ನು ಸಂಧಿಸಿತು. ಬೈಯುವ ನೋಟವಲ್ಲ, ಬಸ್ಸಿನಲ್ಲಿ ಎದುರು ಕೂತವರನ್ನು ಎಲ್ಲಿಯವರಿರಬಹುದು ಎಂದು ನೋಡುವ ನೋಟ. "ಊಂ ಕಣಪ್ಪ, ಊರಿನವ್ರು" ಎಂದಳು ವೆಂಕಟಸ್ವಾಮಿಗೆ. "ಒಳ್ಳೇ ಮನುಷ್ಯರು. ಪಾಪ, ಗಾಡೀಲಿ ಕೂರಿಸ್ಕೊಂಬಂದ್ರು. ನಂಗೆ ನಾನೇ ಯಜಮಾನ್ತಿ. ನೀನು ಮಾಡು."

ವೆಂಕಟಸ್ವಾಮಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅವಳ ಮುಖದ ಮೇಲೆ ಹಾಸಿದ. ಬಟ್ಟೆಯ ಒಳಗಿನಿಂದ ಒಂದು ನಿಟ್ಟುಸಿರು ಬಂತು, ಎಷ್ಟು ಉದ್ದವಾಗಿತ್ತೆಂದರೆ ದಲ್ಲಾಳಿ ವಾದ ನಿಲ್ಲಿಸಿದ. ಅವ್ವನ ಮುಖವನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿರಬಹುದು ಎಂದು ನರಸಿಂಹಯ್ಯ ಯೋಚಿಸಿದ. ಅವಳು ಎಲ್ಲರ ಮುಖ ತೊಳೆದವಳು, ಎಲ್ಲರ ದೃಷ್ಟಿ ನಿವಾಳಿಸಿದವಳು. ಹೋಗಿ ಆ ಕುರ್ಚಿಯ ಪಕ್ಕ ನಿಲ್ಲಬೇಕು, ಇವಳು ನನ್ನ ತಾಯಿ ಎನ್ನಬೇಕು. ಆದರೆ ಈಗ ಹಾಗೆಂದರೆ ಮೊದಲು ಸುಳ್ಳು ಹೇಳಿದೆ ಎಂದೂ ಹೇಳಿದಂತಾಗುತ್ತದೆ. ವೆಂಕಟಸ್ವಾಮಿ ಬಟ್ಟೆ ತೆಗೆದು ಮೆತ್ತಿದ ನೊರೆ ಆರಲಿ, ಆಮೇಲೆ ಹೇಳೋಣ ಅಂದುಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಹೊಸ ಟೆರಿಲಿನ್ ಷರಟಿನ ಒಬ್ಬ ಹುಡುಗ, ಜರಿ ಪೇಟದ ಒಬ್ಬ ಹಿರಿಯ. ಹುಡುಗ ಎರಡನೆಯ ಕುರ್ಚಿಯಲ್ಲಿ ಕೂತ. ವೆಂಕಟಸ್ವಾಮಿಯ ತಮ್ಮ ಅವನ ಕೆನ್ನೆಗೆ ಸೋಪು ಹಚ್ಚತೊಡಗಿದ. ಪೇಟದವರು ಬೆಂಚಿನಲ್ಲಿ ನರಸಿಂಹಯ್ಯನ ಪಕ್ಕ ಕೂತು ಬೆವರು ಒರೆಸಿಕೊಂಡರು. ತಮ್ಮ ಹೆಸರು ಮುನಿವೆಂಕಟಯ್ಯ, ಹುಡುಗ ತಂಗಿಯ ಮಗ ಲಕ್ಕಣ್ಣ, ತಂದೆಯಿಲ್ಲ, ತಾವೇ ಸೋದರಮಾವ, ಹೆಣ್ಣು ನೋಡಲು ಹೊರಟದ್ದು, ಮಧ್ಯಾಹ್ನದ ರೈಲಿಗೆ ಬರಬೇಕಿತ್ತು, ಹುಡುಗನಿಗೆ ಒಂದು ಶೇವಿಂಗ್ ಆಗಲೆಂದು ಮೊದಲ ಬಸ್ಸಿಗೇ ಬಂದುಬಿಟ್ಟದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಅಟ್ಟೂರಿನ ಚಿಕ್ಕಬೈರಪ್ಪನವರ ಮನೆ ನಿಮಗೆ ಗೊತ್ತೇನ್ರಿ?" ಎಂದು ಕೇಳಿದರು.

ನರಸಿಂಹಯ್ಯ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

"ಗೊತ್ತಿಲ್ದೆ ಏನು" ಎಂದಳು ನೊರೆಯೊಳಗಿಂದ ಪಟಾಲಮ್ಮ. "ನಾವೂ ಅಟ್ಟೂರಿನವ್ರೇ."

ಮುನಿವೆಂಕಟಯ್ಯ ಆಗಷ್ಟೇ ಆ ಕುರ್ಚಿಯಲ್ಲಿರುವುದು ಹೆಂಗಸೆಂದು ಕಂಡು ಗಾಬರಿಯಾದರೂ, ಬೇರೆ ಊರಿನ ಪದ್ಧತಿ ಇರಬಹುದೆಂದು ಸುಧಾರಿಸಿಕೊಂಡರು. "ಒಳ್ಳೇದಾಯ್ತು ಬಿಡಿ. ಹುಡುಗಿ ಅಜ್ಜಿ ಒಬ್ರು ಇದಾರಂತೆ, ಭಾಳ ಗಟ್ಟಿ ಹೆಂಗಸು ಅಂತ ಕೇಳಿದ್ವಿ."

"ಇದ್ಲು" ಎಂದಳು ಪಟಾಲಮ್ಮ. "ಇವತ್ತು ಬೆಳಿಗ್ಗೆ ಓದ್ಲು."

ಮುನಿವೆಂಕಟಯ್ಯ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಶಿವ ಶಿವಾ. ಇವತ್ತೇನಾ? ಎಷ್ಟು ಹೊತ್ನಲ್ಲಿ?"

"ಬಿಸ್ಲೇರೋಕೆ ಮುಂಚೆ."

"ನರಳಲಿಲ್ಲ ತಾನೆ?"

"ಯಾಕ್ ನರಳ್ತಾಳೆ? ನಗ್ತಾ ಓದ್ಲು. ಒಳ್ಳೇ ಸೀರೆ ಉಟ್ಕೊಂಡಿದ್ಲು."

ಮೇಷ್ಟರು ಎದ್ದು ನಿಂತು ಒಂದು ಕ್ಷಣ ತಲೆ ಬಗ್ಗಿಸಿದರು. ಅರ್ಧ ಬೋಳಿಸಿದ ಲಕ್ಕಣ್ಣ ಮುಂದುವರಿಸಬಹುದೋ ಬಾರದೋ ತಿಳಿಯದೆ ಕುರ್ಚಿಯ ಅಂಚಿಗೆ ಜರುಗಿದ. ನರಸಿಂಹಯ್ಯ ಅವ್ವನ ಮಾತುಗಳನ್ನು ಒಂದೊಂದಾಗಿ ತಿರುವಿ ನೋಡಿದ, ಒಂದರಲ್ಲೂ ಸುಳ್ಳಿರಲಿಲ್ಲ. ಅವಳು ಬೆಳಿಗ್ಗೆ ಹೋದದ್ದು ನಿಜ, ನಗುತ್ತ ಹೋದದ್ದೂ ನಿಜ. ಬೇಕೆಂದೇ ಆಡಿದಳೋ ಸುಮ್ಮನೆ ಬಂದ ಮಾತೋ, ನೊರೆ ಮೆತ್ತಿದ ಮುಖದಲ್ಲಿ ಗೊತ್ತಾಗಲಿಲ್ಲ. ಒಂದು ವಾಕ್ಯ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ಮುನಿವೆಂಕಟಯ್ಯ ಅದನ್ನು ದುಃಖವೆಂದು ತಿಳಿದು ಅವನ ಬೆನ್ನ ಮೇಲೆ ಕೈಯಿಟ್ಟರು. "ನಿಮಗೂ ಬೇಕಾದೋರಿರಬೇಕು." ಬೇಕಾದೋರು ಎಂದ ನರಸಿಂಹಯ್ಯ, ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಸೂತಕದ ಮನೆಯಲ್ಲಿ ಹೆಣ್ಣು ನೋಡುವ ಹಾಗಿಲ್ಲ. ಹಾಗೆಂದು ಇಷ್ಟು ದೂರ ಬಂದು ಸಾವಿನ ಮನೆಗೆ ಮುಖ ತೋರಿಸದೆ ಹಿಂದಿರುಗುವುದೂ ಮರ್ಯಾದೆಯಲ್ಲ. ಅಜ್ಜಿಯ ಕ್ಷೌರ ಮುಗಿಯುವಷ್ಟರಲ್ಲಿ ಮುನಿವೆಂಕಟಯ್ಯ ಹುಡುಗನನ್ನು ಎಬ್ಬಿಸಿಕೊಂಡು ಹೋಗಿ ಪೇಟೆಯಲ್ಲಿ ಒಂದು ದಪ್ಪನೆಯ ಸೇವಂತಿಗೆ ಮಾಲೆ ಕೊಂಡು ಜಟಕಾ ಗೊತ್ತು ಮಾಡಿದರು. ನೀವೂ ಅಲ್ಲಿಗೇ ಹೋಗುವವರು, ಬನ್ನಿ ಎಂದು ಇವರಿಬ್ಬರನ್ನೂ ಹತ್ತಿಸಿಕೊಂಡರು. ಹೆಣ್ಣಿಗೆಂದು ತಂದ ಹಣ್ಣಿನ ಚೀಲ ಒಂದು ಕೈಯಲ್ಲಿ, ಪೇಟ ಇನ್ನೊಂದರಲ್ಲಿ ಇದ್ದುದರಿಂದ, "ಅಜ್ಜೀ, ಇದನ್ನ ಸ್ವಲ್ಪ ಹಿಡ್ಕೊಂಡಿರ್ತೀರಾ?" ಎಂದು ಮಾಲೆಯನ್ನು ಪಟಾಲಮ್ಮನ ಮಡಿಲಲ್ಲಿ ಇಟ್ಟರು. ನುಣುಪಾದ ಗಲ್ಲ, ಪೌಡರಿನ ವಾಸನೆ, ಹೆಣದ ಮಾಲೆ. ಅವಳು ಹೂವನ್ನು ಮೂಸಿ, "ಒಳ್ಳೇ ಊವು. ಆವಮ್ಮಂಗೆ ಸೇವಂತಿಗೆ ಅಂದ್ರೆ ಆಸೆ" ಎಂದಳು. ಕುದುರೆ ಧೂಳೆಬ್ಬಿಸುತ್ತ ಓಡಿತು. ಈ ತಿರುವು ದಾಟಿದ ಮೇಲೆ ಹೇಳುತ್ತೇನೆ ಎಂದು ನರಸಿಂಹಯ್ಯ ಅಂದುಕೊಂಡ, ಆಮೇಲೆ ಆ ಹುಣಸೆಮರ ದಾಟಿದ ಮೇಲೆ ಎಂದ. ಫಾರಮ್ಮಿನಲ್ಲಿ ರೋಗ ಬಂದ ಕೋಳಿಗಳನ್ನು ಬೇರೆ ಕೋಣೆಗೆ ಹಾಕುವಾಗ ಅವು ಸುಮ್ಮನೆ ಹೋಗುತ್ತಿದ್ದವು, ಯಾಕೆಂದು ಕೇಳುತ್ತಿರಲಿಲ್ಲ. ಅದು ಈಗ ಯಾಕೆ ನೆನಪಾಗಬೇಕು? ಮಕ್ಕಳು ಚೆನ್ನಾಗಿ ನೋಡಿಕೊಂಡರೇ ಆ ಮುದುಕಿಯನ್ನು ಎಂದು ಮುನಿವೆಂಕಟಯ್ಯ ಕೇಳುತ್ತಿದ್ದರು.

"ನೋಡ್ಕೊಂಡ್ರು, ಒಟ್ಟೆ ಬಟ್ಟೆಗೆ ಕಮ್ಮಿ ಮಾಡ್ಲಿಲ್ಲ" ಎಂದಳು ಪಟಾಲಮ್ಮ. "ಚಿಕ್ಕೋನು ಓದ್ಕೊಂಡಿದ್ದ. ಅವನ್ ಮ್ಯಾಲೆ ಅವಳ್ಗೆ ಜೀವ. ನೋಡೋಕೆ ಇವ್ರಂಗೇ."

ಮನೆಯ ಮುಂದೆ ಮಾವಿನ ತೋರಣ. ಅಂಗಳದಲ್ಲಿ ದೊಡ್ಡ ರಂಗೋಲಿ. ಒಳಗಿನಿಂದ ಹೋಳಿಗೆ ಬೇಯುವ ಘಮ. ಸಾವಿನ ಮನೆಯ ಈ ಸಡಗರ ಕಂಡು ಮುನಿವೆಂಕಟಯ್ಯ ಅಜ್ಜಿಯ ಮಡಿಲಿನಿಂದ ಮಾಲೆ ತೆಗೆದುಕೊಂಡು ಜಟಕಾದಿಂದ ಇಳಿಯುತ್ತಲೇ ತಬ್ಬಿಬ್ಬಾದರು. ರೈಲಿಗೆ ಬರಬೇಕಾದವರು ಜಟಕಾದಲ್ಲಿ, ಅದೂ ಬರಿತಲೆಯಲ್ಲಿ, ಕೈಯಲ್ಲಿ ಹೆಣದ ಮಾಲೆ ಹಿಡಿದು ಬಂದದ್ದನ್ನು ಕಂಡು ಹೊಸ ಸೀರೆಯ ಕೃಷ್ಣಮ್ಮ ಅದಕ್ಕಿಂತ ಹೆಚ್ಚು ತಬ್ಬಿಬ್ಬಾದಳು. "ಯಾವಾಗ ಹೋದ್ರಂತಮ್ಮ ನಿಮ್ಮತ್ತೆ?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು. ಅತ್ತೆ ಯಾಕೆ ಕಾಣುತ್ತಿಲ್ಲವೆಂದು ಕೇಳುತ್ತಿದ್ದಾರೆ ಅಂದುಕೊಂಡ ಕೃಷ್ಣಮ್ಮ, "ಬೆಳಿಗ್ಗೇನೇ ಹೋದ್ರು" ಎಂದಳು.

"ಎಲ್ಲಿ ಮಲಗಿಸಿದ್ದೀರಿ?"

"ಮಲಗ್ಸೋದಾ? ಸಂಜೆ ಬರ್ತಾರಲ್ಲ!"

"ಸಂಜೆ ಬರ್ತಾರಾ?" ಎಂದು ಮುನಿವೆಂಕಟಯ್ಯ ಒಂದು ಹೆಜ್ಜೆ ಹಿಂದೆ ಸರಿದರು.

ಗದ್ದಲ ಕೇಳಿ ಹೊರಗೆ ಬಂದ ಚಿಕ್ಕಬೈರಪ್ಪ ಜಟಕಾದಲ್ಲಿ ಕೂತಿದ್ದವಳನ್ನು ಕಂಡು, ತಡೆಯಲಾಗದೆ, "ಅವ್ವಾ" ಎಂದುಬಿಟ್ಟ. ಮುನಿವೆಂಕಟಯ್ಯ ಅವನನ್ನೂ ಅವಳನ್ನೂ ನೋಡಿದರು. "ನಾನು ಊರಿನವ್ಳಪ್ಪ" ಎಂದಳು ಪಟಾಲಮ್ಮ, ಜಟಕಾದ ಕಂಬಿ ಹಿಡಿದು ನಿಧಾನವಾಗಿ ಇಳಿಯುತ್ತ. "ಬೇಕಾದ್ರೆ ಇವ್ರನ್ನ ಕೇಳಿ." ಎಲ್ಲರೂ ಮತ್ತೆ ನರಸಿಂಹಯ್ಯನ ಕಡೆ ತಿರುಗಿದರು. ಅಣ್ಣನ ಕಣ್ಣು ಹೂಂ ಅನ್ನು ಎನ್ನುತ್ತಿತ್ತು. ಅತ್ತಿಗೆಯ ಕಣ್ಣೂ ಅದನ್ನೇ. ಇವಳು ಊರಿನವಳು, ಸತ್ತವರು ಯಾರೂ ಇಲ್ಲ, ಏನೋ ತಪ್ಪು ತಿಳಿವಳಿಕೆ, ಒಳಗೆ ಬನ್ನಿ ಎಂದರೆ ಎಲ್ಲವೂ ಸಲೀಸು. ಆ ಸಲೀಸನ್ನೇ ಅವನಿಂದ ಸಹಿಸಲಾಗಲಿಲ್ಲ.

"ನಮ್ಮವ್ವ" ಎಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಇವಳು ನಮ್ಮವ್ವ. ಹುಡುಗಿ ಅಜ್ಜಿ. ಸತ್ತಿಲ್ಲ. ಗಡ್ಡ ಇತ್ತು, ಅದಕ್ಕೆ ಬೋಳಿಸಿ ಬಚ್ಚಿಡೋಕೆ ಕರ್ಕೊಂಡೋಗಿದ್ದೆ. ಸಲೂನಲ್ಲಿ ನಾಚಿಕೆಯಾಗಿ ಊರಿನವರು ಅಂದೆ."

ಹೇಳಿದ ಮೇಲೆ ಹಗುರವಾಗಬೇಕಿತ್ತು. ಆದರೆ ಆಗ ನಡೆದದ್ದೇ ಬೇರೆ. ಅಂಗಳದಲ್ಲಿದ್ದ ಪ್ರತಿಯೊಬ್ಬರೂ, ಮುನಿವೆಂಕಟಯ್ಯ, ಲಕ್ಕಣ್ಣ, ಜಟಕಾದವನು ಕೂಡ, ಬಾಗಿಲ ಸಂದಿಯಲ್ಲಿ ಹೂ ಮುಡಿದು ನಿಂತಿದ್ದ ಗೋಪಾಲಮ್ಮನ ಗಲ್ಲವನ್ನು ನೋಡಿದರು. ಹುಡುಗಿಯ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು. ತನ್ನ ಸತ್ಯ ಯಾರ ಮುಖಕ್ಕೆ ಹೋಗಿ ಬಿತ್ತು ಎಂದು ತಿಳಿದು ನರಸಿಂಹಯ್ಯ ಕಂಬಕ್ಕೆ ಒರಗಿದ. ಸುಳ್ಳು ಹೇಳಿದಾಗ ಒಬ್ಬರು, ನಿಜ ಹೇಳಿದಾಗ ಇನ್ನೊಬ್ಬರು. ಅವನು ಬಾಯಿ ತೆರೆದರೆ ಯಾರಾದರೊಬ್ಬ ಹೆಂಗಸಿಗೆ ಪೆಟ್ಟು ಬೀಳುವುದು ಖಂಡಿತ.

ಪಟಾಲಮ್ಮ ಯಾರನ್ನೂ ನೋಡದೆ ರಂಗೋಲಿ ತುಳಿಯದ ಹಾಗೆ ಬಳಸಿ ನಡೆದು ಬಾಗಿಲಿಗೆ ಹೋದಳು. ಮೊಮ್ಮಗಳ ಕೈಯನ್ನು ಗಲ್ಲದಿಂದ ಕೆಳಗಿಳಿಸಿದಳು. ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದು ಬಿಸಿಲಿಗೆ ತಿರುಗಿಸಿದಳು.

"ನೋಡ್ಕೊಳ್ಳಿ ಬುದ್ಧಿ, ಅತ್ರ ಬಂದು ನೋಡ್ಕೊಳ್ಳಿ. ಈಗೇನೂ ಇಲ್ಲ. ನಾಳೆ ನನ್ನ ವಯಸ್ಗೆ ಬಂದಾಗ ಬಂದ್ರೂ ಬತ್ತದೆ. ಬಂದ್ರೆ ಎಲಹಂಕಕ್ಕೆ ಕರ್ಕೊಂಡೋಗಿ. ಬಿಸಿ ಬಟ್ಟೆ ಆಕ್ತಾರೆ, ಬಲೇ ಸುಖವಾಗಿರ್ತದೆ."

ಮೊದಲು ನಕ್ಕವನು ಲಕ್ಕಣ್ಣ. ಅವಸರದಲ್ಲಿ ಎದ್ದುಬಂದಿದ್ದ ಅವನ ಒಂದು ಕೆನ್ನೆ ಮಾತ್ರ ನುಣ್ಣಗಿತ್ತು, ಇನ್ನೊಂದರ ಮೇಲೆ ಸೋಪು ಒಣಗಿ ಬಿರುಕು ಬಿಟ್ಟಿತ್ತು. ನಗುವಾಗ ಅದರ ಚೂರುಗಳು ಟೆರಿಲಿನ್ ಷರಟಿನ ಮೇಲೆ ಉದುರಿದವು. ಅದನ್ನು ಕಂಡು ಗೋಪಾಲಮ್ಮ ಅಜ್ಜಿಯ ಕೈಗಳ ನಡುವೆಯೇ ನಕ್ಕುಬಿಟ್ಟಳು. ಮುನಿವೆಂಕಟಯ್ಯ ನಗಲಿಲ್ಲ. ಪೇಟ ತಲೆಗಿಟ್ಟುಕೊಂಡರು. ಆಮೇಲೆ ಕೈಯಲ್ಲಿದ್ದ ಮಾಲೆಯನ್ನು ಏನು ಮಾಡುವುದೆಂದು ಅತ್ತಿತ್ತ ನೋಡಿ, ಕೊನೆಗೆ ಹತ್ತಿರದಲ್ಲೇ ಕಟ್ಟಿದ್ದ ಎತ್ತಿನ ಕೊರಳಿಗೆ ಹಾಕಿ, ಕಾಲಿಗೆ ನೀರು ಕೇಳಿದರು. ಒಪ್ಪಿಗೆಯಾಗದ ಹೊರತು ಹೆಣ್ಣಿನ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವ ವಾಡಿಕೆಯಿರಲಿಲ್ಲ. ಅವರು ಕಾಲು ತೊಳೆದು, ಹಜಾರಕ್ಕೆ ಬಂದು, ಚಾಪೆಯ ಮೇಲೆ ಊಟಕ್ಕೆ ಕೂತರು. ಕೃಷ್ಣಮ್ಮ ಅಡಿಗೆಮನೆಯ ಕತ್ತಲಿಗೆ ಓಡಿಹೋಗಿ ಒಂದಿಷ್ಟು ಅತ್ತು, ಕಣ್ಣೊರೆಸಿಕೊಂಡು ಪಲ್ಯ ತಂದಳು.

ನರಸಿಂಹಯ್ಯ ಸಾಲಿನ ಕೊನೆಯಲ್ಲಿ, ಅಣ್ಣನ ಆಚೆ ಕೂತ. ಯಾರೂ ಅವನನ್ನು ಬೈಯಲಿಲ್ಲ. ಯಾರೂ ಅವನನ್ನು ನೋಡಲೂ ಇಲ್ಲ. ತುಪ್ಪದ ಗಿಂಡಿ ಹಿಡಿದು ಪಟಾಲಮ್ಮನೇ ಬಂದಳು. ಮುನಿವೆಂಕಟಯ್ಯನ ಎಲೆಗೆ, ಲಕ್ಕಣ್ಣನ ಎಲೆಗೆ "ಇಕ್ಕುಸ್ಕೊಳ್ಳಪ್ಪ" ಎನ್ನುತ್ತ ಎರಡೆರಡು ಸಲ, ಚಿಕ್ಕಬೈರಪ್ಪನ ಎಲೆಗೆ ಏನೂ ಅನ್ನದೆ. ನರಸಿಂಹಯ್ಯನ ಮುಂದೆ ಬಂದು ನಿಂತಳು. ಅವನು ಅವಳ ಕಾಲಿನ ಬೆರಳುಗಳನ್ನು ನೋಡುತ್ತಿದ್ದ.

"ನೀವು ತುಪ್ಪ ಆಕುಸ್ಕೊತೀರಾ?" ಎಂದಳು. "ಸಂಕೋಚ ಪಡಬ್ಯಾಡಿ. ನಿಮ್ಮನೆ ಅಂತ ತಿಳ್ಕೊಳ್ಳಿ."

ಹುಟ್ಟಿದಾಗಿನಿಂದ ಅವಳು ಅವನನ್ನು ನೀವು ಎಂದದ್ದಿರಲಿಲ್ಲ. ಅವನು ಹೋಳಿಗೆಯನ್ನು ಎಲೆಯ ನಡುವಿಗೆ ಸರಿಸಿದ. ಅವಳು ಬಗ್ಗಿ ಸುರಿದಳು. ತುಪ್ಪ ಹೋಳಿಗೆಯ ಮೇಲೆ ಹರಡಿ, ಅಂಚು ದಾಟಿ, ಅನ್ನದ ಕಡೆಗೆ, ಪಲ್ಯದ ಕಡೆಗೆ ಹರಿಯಿತು. ಅವಳು ನಿಲ್ಲಿಸಲಿಲ್ಲ. ಎಲೆಯ ತುದಿಯಿಂದ ತುಪ್ಪ ನೆಲಕ್ಕೆ ತೊಟ್ಟಿಕ್ಕತೊಡಗಿತು. ಸಾಲಿನಲ್ಲಿದ್ದವರೆಲ್ಲ ಕೈ ತಡೆದು ತಿರುಗಿದರು.

"ಸಾಕವ್ವಾ" ಎಂದ ನರಸಿಂಹಯ್ಯ.

ಅವಳು ಇನ್ನೊಂದು ಸ್ವಲ್ಪ ಸುರಿದು, ಗಿಂಡಿಯ ಬಾಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ಅವನ ಎಲೆಯ ಅಂಚಿಗೆ ಸವರಿ, ಸಾಲಿನ ಮೊದಲಿಗೆ ಹೋದಳು.